ಹೂವಿನ ಹರಾಜಿನಿಂದ ಹಳೆಯ ಪೇಟೆಯವರೆಗೆ: ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಾಣಿಜ್ಯ ವಿದ್ಯಾರ್ಥಿಗಳ ಒಂದು ದಿನ

ವಾಣಿಜ್ಯ ಹಾಗೂ ವ್ಯವಹಾರ ನಿರ್ವಹಣೆಯ ತರಗತಿಗಳಲ್ಲಿ ಓದುವ ವಿದ್ಯಾರ್ಥಿಗಳನ್ನು ವಿದೇಶಕ್ಕೆ ಅಧ್ಯಯನ ಪ್ರವಾಸ ಕರೆದೊಯ್ಯುವ ರೂಢಿ ಈಗ ಸಣ್ಣ ಊರುಗಳ ಕಾಲೇಜುಗಳಿಗೂ ಬಂದಿದೆ. ಇಂತಹ ಪ್ರವಾಸಗಳಲ್ಲಿ ದಿನಚರಿಯ ಕ್ರಮ ಸಾಮಾನ್ಯವಾಗಿ ಒಂದೇ: ಬೆಳಿಗ್ಗೆ ಒಂದೋ ಎರಡೋ ವ್ಯಾಪಾರ ಸಂಸ್ಥೆಗಳ ಭೇಟಿ, ಮಧ್ಯಾಹ್ನದ ಮೇಲೆ ನಗರ ದರ್ಶನ, ಸಂಜೆ ಪೇಟೆ ಸುತ್ತಾಟ. ವೆಚ್ಚ ಭರಿಸುವವರು ಪೋಷಕರು. ಅವರಲ್ಲಿ ಅನೇಕರು ವರ್ತಕರು, ಸಣ್ಣ ಕೈಗಾರಿಕೆ ನಡೆಸುವವರು. ಮಧ್ಯಮ ಗಾತ್ರದ ಅಂಗಡಿಯೊಂದರ ಹಲವು ತಿಂಗಳ ಲಾಭ ಒಂದು ವಾರದ ಪ್ರವಾಸಕ್ಕೆ ಸಂದುಹೋಗುತ್ತದೆ. ಹೀಗಿರುವಾಗ, ಆ ಹಣಕ್ಕೆ ಪ್ರತಿಯಾಗಿ ಅಂಗಡಿಗೆ ಮರಳಿ ಬರುವುದೇನು ಎಂಬ ಪ್ರಶ್ನೆ ಸಹಜವಾದುದು.

ಈ ಪ್ರಶ್ನೆಗೆ ಉತ್ತರ ಹುಡುಕಲು ನೆದರ್‌ಲ್ಯಾಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಕಳೆಯಬಹುದಾದ ಒಂದು ದಿನವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಲ್ಲಿ ವ್ಯಾಪಾರ ಭೇಟಿ ಬೇರೆ, ಪ್ರೇಕ್ಷಣೀಯ ಸ್ಥಳ ಬೇರೆ ಎಂಬ ಭೇದ ಹೆಚ್ಚಾಗಿಲ್ಲ. ಪ್ರವಾಸಿಗರು ಛಾಯಾಚಿತ್ರ ತೆಗೆಯುವ ಹಳೆಯ ಕಟ್ಟಡಗಳಲ್ಲಿ ಬಹುಪಾಲು ತೂಕದ ಮನೆ, ವಿನಿಮಯ ಕೇಂದ್ರ, ಗೋದಾಮು ಇಲ್ಲವೇ ಲೆಕ್ಕದ ಕಚೇರಿಯಾಗಿದ್ದಂಥವು. ಪರಸ್ಪರ ಪರಿಚಯವಿಲ್ಲದ ಇಬ್ಬರ ನಡುವೆ ವ್ಯಾಪಾರದ ನಂಬಿಕೆ ಹುಟ್ಟುವುದು ಹೇಗೆ, ಅದು ಕೆಡುವುದು ಹೇಗೆ ಎಂಬ ಒಂದೇ ಪಾಠವನ್ನು ಬೆಳಗಿನ ಭೇಟಿಯೂ ಮಧ್ಯಾಹ್ನದ ದರ್ಶನವೂ ಹೇಳುತ್ತವೆ.

ಬೆಳಗಿನ ಭೇಟಿ: ಆಲ್ಸ್‌ಮೀರ್ ಹೂವಿನ ಹರಾಜು

ಆಮ್‌ಸ್ಟರ್‌ಡ್ಯಾಮ್ ನಗರದ ನೈರುತ್ಯಕ್ಕೆ, ಸ್ಖಿಪೋಲ್ ವಿಮಾನ ನಿಲ್ದಾಣದ ಸಮೀಪದಲ್ಲಿ ಆಲ್ಸ್‌ಮೀರ್ ಎಂಬ ಪಟ್ಟಣವಿದೆ. ಜಗತ್ತಿನ ಅತಿ ದೊಡ್ಡ ಹೂವಿನ ಮಾರುಕಟ್ಟೆ ಇರುವುದು ಇಲ್ಲಿಯೇ. ಕಟ್ಟಡದ ವಿಸ್ತೀರ್ಣ 5 ಲಕ್ಷ ಚದರ ಮೀಟರಿಗೂ ಅಧಿಕ. ಹೂವಿನ ವ್ಯಾಪಾರ ನಸುಕಿನಲ್ಲಿಯೇ ಬಿರುಸಾಗುವುದರಿಂದ ವಿದ್ಯಾರ್ಥಿಗಳ ತಂಡ ಹೊರಡುವುದೂ ಮುಂಜಾನೆಯೇ. ತಡವಾಗಿ ಹೋದವರಿಗೆ ಕಾಣಸಿಗುವುದು ಖಾಲಿ ಗಾಡಿಗಳಷ್ಟೇ.

ಈ ಮಾರುಕಟ್ಟೆಯನ್ನು ಕಟ್ಟಿದ್ದು ಸರ್ಕಾರವಲ್ಲ, ದೊಡ್ಡ ಬಂಡವಾಳಗಾರರೂ ಅಲ್ಲ. 1911–12ರ ವೇಳೆಗೆ ಆಲ್ಸ್‌ಮೀರಿನ ಹೂ ಬೆಳೆಗಾರರು ತಮ್ಮ ಸರಕಿನ ಬೆಲೆಯನ್ನು ಮಧ್ಯವರ್ತಿಗಳ ಮರ್ಜಿಗೆ ಬಿಡಬಾರದೆಂದು ತಾವೇ ಎರಡು ಹರಾಜು ಸಂಘಗಳನ್ನು ಆರಂಭಿಸಿದರು. 1968ರಲ್ಲಿ ಅವೆರಡೂ ಒಂದಾದವು. 1972ರಲ್ಲಿ ಈಗಿನ ಕಟ್ಟಡ ತೆರೆಯಿತು. 2008ರಲ್ಲಿ ಆ ಸಂಘವು ದೇಶದ ಮತ್ತೊಂದು ದೊಡ್ಡ ಹರಾಜು ಸಂಸ್ಥೆಯಾದ ಫ್ಲೋರಾಹಾಲೆಂಡ್‌ನೊಂದಿಗೆ ವಿಲೀನವಾಯಿತು. ಇಂದು ರಾಯಲ್ ಫ್ಲೋರಾಹಾಲೆಂಡ್ ಎಂಬ ಹೆಸರಿನ ಈ ಸಂಸ್ಥೆ ಬೆಳೆಗಾರರೇ ಒಡೆಯರಾಗಿರುವ ಸಹಕಾರ ಸಂಘವಾಗಿಯೇ ಮುಂದುವರಿದಿದೆ. ಇತ್ತೀಚಿನ ವರ್ಷಗಳಲ್ಲಿ ಅದರ ವಾರ್ಷಿಕ ವಹಿವಾಟು ಸುಮಾರು 500 ಕೋಟಿ ಯೂರೋ ಆಸುಪಾಸಿನಲ್ಲಿದೆ. ಕೀನ್ಯಾ, ಇಥಿಯೋಪಿಯಾ, ಕೊಲಂಬಿಯಾ, ಈಕ್ವೆಡಾರ್ ದೇಶಗಳ ಹೂವೂ ಯುರೋಪಿನ ಮಾರುಕಟ್ಟೆಯನ್ನು ಸೇರುವಲ್ಲಿ ಈ ದೇಶ ಮುಖ್ಯ ದ್ವಾರವಾಗಿದೆ.

ಸಂದರ್ಶಕರು ನೆಲಕ್ಕಿಂತ ಮೇಲೆ ಕಟ್ಟಿದ ಕಾಲುದಾರಿಯಲ್ಲಿ ನಡೆದು ಕೆಳಗಿನ ಚಟುವಟಿಕೆಯನ್ನು ನೋಡುತ್ತಾರೆ. ಹೂವಿನ ಬಕೆಟ್ಟುಗಳನ್ನು ಹೊತ್ತ ಗಾಡಿಗಳ ಸಾಲುಗಳನ್ನು ವಿದ್ಯುತ್ ಎಳೆಬಂಡಿಗಳು ಎಳೆದುಕೊಂಡು ಅತ್ತಿತ್ತ ಓಡುತ್ತಿರುತ್ತವೆ. ನೋಡಲು ಗಡಿಬಿಡಿಯಂತೆ ತೋರಿದರೂ, ಪ್ರತಿಯೊಂದು ಗಾಡಿ ಯಾವ ಬೆಳೆಗಾರನಿಂದ ಬಂದು ಯಾವ ಖರೀದಿದಾರನಿಗೆ ಸೇರಬೇಕೆಂಬುದು ಅದರೊಂದಿಗಿರುವ ದಾಖಲೆಯಲ್ಲಿ ನಿಗದಿಯಾಗಿರುತ್ತದೆ.

ಇಳಿಯುವ ಗಡಿಯಾರದ ಲೆಕ್ಕ

ನಮ್ಮಲ್ಲಿ ಹರಾಜೆಂದರೆ ಬೆಲೆ ಏರುತ್ತ ಹೋಗುವುದು. ಡಚ್ಚರ ಪದ್ಧತಿ ಇದಕ್ಕೆ ವಿರುದ್ಧ. ಗಡಿಯಾರದಂತಹ ಫಲಕದಲ್ಲಿ ಬೆಲೆ ಎತ್ತರದಿಂದ ಆರಂಭವಾಗಿ ವೇಗವಾಗಿ ಇಳಿಯುತ್ತದೆ. ಮೊದಲು ಗುಂಡಿ ಒತ್ತಿದವನಿಗೆ ಆ ಕ್ಷಣದ ಬೆಲೆಗೆ ಸರಕು. ಒಂದು ಲಾಟು ಮಾರಾಟವಾಗಲು ಕೆಲವೇ ಸೆಕೆಂಡುಗಳು ಸಾಕು. ಬಾಡುವ ಸರಕಿಗೆ ಈ ವೇಗವೇ ಜೀವ.

ವಿಷಯ ಸ್ಪಷ್ಟವಾಗಲು ಒಂದು ಕಲ್ಪಿತ ಉದಾಹರಣೆ. ಹತ್ತು ಗಾಡಿ ಗುಲಾಬಿಯ ಲಾಟೊಂದು ಹೂವಿಗೆ 80 ಸೆಂಟ್‌ನಿಂದ ಇಳಿಯತೊಡಗಿದೆ ಎಂದುಕೊಳ್ಳೋಣ. ಸಗಟು ವ್ಯಾಪಾರಿಯೊಬ್ಬ ಅದನ್ನು ತನ್ನ ಊರಿನಲ್ಲಿ 60 ಸೆಂಟ್‌ಗೆ ಮಾರಬಲ್ಲ. ಸಾಗಣೆಗೆ 6 ಸೆಂಟ್, ಬಾಡಿ ಹೋಗುವ ಹೂವಿನ ನಷ್ಟಕ್ಕೆ 5 ಸೆಂಟ್, ತನ್ನ ಲಾಭಕ್ಕೆ 4 ಸೆಂಟ್ ಕಳೆದರೆ ಆತ ಕೊಡಬಹುದಾದ ಗರಿಷ್ಠ ಬೆಲೆ 45 ಸೆಂಟ್. 45ಕ್ಕೆ ಒತ್ತಿದರೆ ಸರಕು ಖಚಿತ. 42ರವರೆಗೆ ಕಾದರೆ ಹೂವಿಗೆ 3 ಸೆಂಟ್ ಉಳಿತಾಯ. ಆದರೆ ಅಷ್ಟರೊಳಗೆ ಇನ್ನೊಬ್ಬ ಒತ್ತಿಬಿಟ್ಟರೆ ಅಂದಿನ ಅಂಗಡಿ ಬರಿದು. ಗುಂಡಿ ಒತ್ತಿದವನು ತನಗೆ ಬೇಕಾದಷ್ಟು ಗಾಡಿಗಳನ್ನು ಮಾತ್ರ, ಉದಾಹರಣೆಗೆ ಮೂರನ್ನು, ತೆಗೆದುಕೊಳ್ಳಬಹುದು. ಉಳಿದ ಏಳಕ್ಕೆ ಬೆಲೆ ಮತ್ತೆ ಸ್ವಲ್ಪ ಮೇಲಿನಿಂದ ಆರಂಭವಾಗುತ್ತದೆ.

ವಾಣಿಜ್ಯ ವಿದ್ಯಾರ್ಥಿ ಇಲ್ಲಿ ಗಮನಿಸತಕ್ಕ ಅಂಶ ಒಂದುಂಟು. ಏರುವ ಹರಾಜಿನಲ್ಲಿ ಪಕ್ಕದವನ ಕೂಗು ಕೇಳಿಸುತ್ತದೆ. ಅವನ ಅಂದಾಜನ್ನು ನೋಡಿ ತನ್ನ ಅಂದಾಜನ್ನು ತಿದ್ದಿಕೊಳ್ಳಬಹುದು. ಇಳಿಯುವ ಹರಾಜಿನಲ್ಲಿ ಆ ಆಸರೆಯಿಲ್ಲ. ತನ್ನ ಖರ್ಚನ್ನು ಪೈಸೆ ಬಿಡದಂತೆ ಬಲ್ಲವನಿಗೆ ಮಾತ್ರ 45 ಎಂಬ ಗೆರೆ ಎಲ್ಲಿದೆಯೆಂದು ಗೊತ್ತಿರುತ್ತದೆ. ತರಗತಿಯಲ್ಲಿ ಒಣ ವಿಷಯವೆನಿಸುವ ವೆಚ್ಚ ಲೆಕ್ಕಶಾಸ್ತ್ರ ಇಲ್ಲಿ ಬೆರಳ ತುದಿಯ ನಿರ್ಧಾರವಾಗುತ್ತದೆ.

ನೋಡದ ಸರಕನ್ನು ಕೊಳ್ಳುವ ಧೈರ್ಯ

ಹಿಂದೆ ಖರೀದಿದಾರರು ಮೆಟ್ಟಿಲು ಮೆಟ್ಟಿಲಾದ ಸಭಾಂಗಣದಲ್ಲಿ ಕುಳಿತು, ಎದುರು ಹಾದುಹೋಗುವ ಹೂವನ್ನು ಕಣ್ಣಾರೆ ಕಂಡು ಗುಂಡಿ ಒತ್ತುತ್ತಿದ್ದರು. ಇಂದು ಅವರಲ್ಲಿ ಬಹುಪಾಲು ಜನ ತಮ್ಮ ಕಚೇರಿಯ ಕಂಪ್ಯೂಟರಿನ ಮುಂದೆ ಕುಳಿತು, ಹೂವಿನ ಚಿತ್ರ ಮತ್ತು ವಿವರಗಳನ್ನಷ್ಟೇ ನೋಡಿ ಕೊಳ್ಳುತ್ತಾರೆ. ಬೆಳೆಗಾರನ ಮುಖ ಕಂಡಿಲ್ಲ, ಹೂವನ್ನು ಮುಟ್ಟಿಲ್ಲ. ಆದರೂ ದಿನದಿನವೂ ಅಪಾರ ಮೊತ್ತದ ವ್ಯವಹಾರ ನಡೆಯುತ್ತದೆ. ಇದಕ್ಕೆ ಆಧಾರವಾಗಿರುವವು ಮೂರು ವ್ಯವಸ್ಥೆಗಳು.

ಮೊದಲನೆಯದು ದರ್ಜೆ. ಹೂವನ್ನು ಎ1, ಎ2, ಬಿ ಎಂಬ ದರ್ಜೆಗಳಲ್ಲಿ ವಿಂಗಡಿಸಲಾಗುತ್ತದೆ. ಕಾಂಡದ ಉದ್ದ, ಮೊಗ್ಗು ಅರಳಿರುವ ಹಂತ ಮುಂತಾದ ವಿವರಗಳನ್ನು ಬೆಳೆಗಾರನೇ ನಮೂದಿಸಬೇಕು. ಅದು ನಿಜವೇ ಎಂದು ಪರೀಕ್ಷಿಸಲು ಪರಿವೀಕ್ಷಕರಿದ್ದಾರೆ. ಸುಳ್ಳು ದರ್ಜೆ ಬರೆದ ಬೆಳೆಗಾರನ ಹೂವಿಗೆ ಮರುದಿನದಿಂದ ಗುಂಡಿ ಒತ್ತಲು ಎಲ್ಲರೂ ತಡಮಾಡುತ್ತಾರೆ. ಆ ತಡವೇ ಅವನಿಗೆ ಬೀಳುವ ದಂಡ.

ಎರಡನೆಯದು ಹಣ ಪಾವತಿ. ಖರೀದಿದಾರ ಮೊದಲೇ ನೋಂದಾಯಿಸಿಕೊಂಡು ಪಾವತಿಯ ಭದ್ರತೆ ಒದಗಿಸಿರಬೇಕು. ಹಣವನ್ನು ವಸೂಲು ಮಾಡಿ ಬೆಳೆಗಾರನಿಗೆ ತಲುಪಿಸುವ ಹೊಣೆ ಸಹಕಾರ ಸಂಘದ್ದು. ಉದ್ರಿ ಬಾಕಿಗಾಗಿ ಬೆಳೆಗಾರ ಅಂಗಡಿ ಅಂಗಡಿ ಅಲೆಯುವಂತಿಲ್ಲ.

ಮೂರನೆಯದು ಏಕರೂಪದ ಪಾತ್ರೆ. ಬಕೆಟ್ಟು, ತಟ್ಟೆ, ಗಾಡಿ ಎಲ್ಲವೂ ನಿಗದಿತ ಅಳತೆಯವು. ಠೇವಣಿ ಕಟ್ಟಿ ಪಡೆದು, ಹಿಂದಿರುಗಿಸಿ ಠೇವಣಿ ವಾಪಸು ಪಡೆಯಬೇಕು. ಅಳತೆ ಒಂದೇ ಆದಕಾರಣ ಎಣಿಕೆ ಸುಲಭ, ಲಾರಿ ತುಂಬುವುದೂ ಸುಲಭ. ಸಣ್ಣ ತಯಾರಕರು ಪೆಟ್ಟಿಗೆಯ ಅಳತೆಯನ್ನು ಪ್ರತಿ ಗ್ರಾಹಕನಿಗೊಂದರಂತೆ ಬದಲಿಸುವುದರಿಂದ ಆಗುವ ನಷ್ಟವನ್ನು ಇಲ್ಲಿ ನಿಂತು ಲೆಕ್ಕ ಹಾಕಬಹುದು.

ಇನ್ನೂ ಒಂದು ಬದಲಾವಣೆ ಮುಖ್ಯವಾದುದು. ಇಂದು ಈ ಸಂಸ್ಥೆಯ ಮೂಲಕ ನಡೆಯುವ ವ್ಯಾಪಾರದಲ್ಲಿ ಗಡಿಯಾರದ ಪಾಲಿಗಿಂತ, ಬೆಳೆಗಾರ ಮತ್ತು ಖರೀದಿದಾರ ಮೊದಲೇ ಬೆಲೆ ಕುದುರಿಸಿಕೊಳ್ಳುವ ನೇರ ವ್ಯಾಪಾರದ ಪಾಲೇ ಹೆಚ್ಚು. ಸೂಪರ್ ಮಾರುಕಟ್ಟೆಗಳಿಗೆ ವಾರಗಟ್ಟಲೆ ಮುಂಚಿತವಾಗಿ ನಿಶ್ಚಿತ ಬೆಲೆಯೂ ನಿಶ್ಚಿತ ಪ್ರಮಾಣವೂ ಬೇಕು. ಆದರೆ ನೇರ ವ್ಯಾಪಾರದಲ್ಲಿಯೂ ಬೆಲೆ ಕುದುರಿಸುವವರು ಗಡಿಯಾರದ ಬೆಲೆಯನ್ನು ಗಮನದಲ್ಲಿಟ್ಟುಕೊಳ್ಳುತ್ತಾರೆ. ಬಹಿರಂಗವಾಗಿ ನಿರ್ಧಾರವಾದ ಬೆಲೆ ಇಲ್ಲವಾದರೆ, ಖಾಸಗಿ ಮಾತುಕತೆಯಲ್ಲಿ ಬಲವುಳ್ಳವನ ಮಾತೇ ಬೆಲೆಯಾಗುತ್ತದೆ.

ನಮ್ಮ ನಾಡಿನೊಂದಿಗೆ ಹೋಲಿಕೆ

ಇದೆಲ್ಲ ನಮಗೆ ತೀರ ಹೊಸದೇನಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಹೂವಿನ ಹರಾಜು ಕೇಂದ್ರವಿದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ವಿದ್ಯುನ್ಮಾನ ಹರಾಜು ನಡೆಯುತ್ತದೆ. ಪಿರಿಯಾಪಟ್ಟಣ, ಹುಣಸೂರು ಭಾಗದ ತಂಬಾಕು ಬೆಳೆಗಾರರು ತಂಬಾಕು ಮಂಡಳಿಯ ಹರಾಜು ಕಟ್ಟೆಗಳಲ್ಲಿ ಮಾರುತ್ತಾರೆ. ಆಲ್ಸ್‌ಮೀರ್ ನೋಡಲಿರುವ ವಿದ್ಯಾರ್ಥಿ ಹೊರಡುವ ಮುನ್ನ ಇವುಗಳಲ್ಲಿ ಒಂದನ್ನಾದರೂ ನೋಡಿರಬೇಕು. ರಾಮನಗರವನ್ನು ನೋಡದವನಿಗೆ ಆಲ್ಸ್‌ಮೀರ್ ಬರಿಯ ಹೂವಿನ ರಾಶಿ. ನೋಡಿದವನು ಮಾತ್ರ ಸರಿಯಾದ ಪ್ರಶ್ನೆ ಕೇಳಬಲ್ಲ: ದರ್ಜೆ ನಿರ್ಧರಿಸುವವರು ಯಾರು, ಹಣ ಎಷ್ಟು ದಿನಕ್ಕೆ ಕೈ ಸೇರುತ್ತದೆ, ತಕರಾರು ಬಂದರೆ ತೀರ್ಮಾನ ಯಾರದು.

ಮಧ್ಯಾಹ್ನದ ನಗರ ದರ್ಶನ: ತೂಕದ ಮನೆ, ಹಣದ ಮನೆ

ಮಧ್ಯಾಹ್ನ ತಂಡ ಆಮ್‌ಸ್ಟರ್‌ಡ್ಯಾಮ್‌ಗೆ ಮರಳುತ್ತದೆ. ಮುಖ್ಯ ರೈಲು ನಿಲ್ದಾಣದಿಂದ ನಡೆದುಹೋಗುವಷ್ಟು ದೂರದಲ್ಲಿಯೇ ನಾಲ್ಕು ಶತಮಾನಗಳ ವಾಣಿಜ್ಯ ಚರಿತ್ರೆ ಹರಡಿದೆ.

ನ್ಯೂಮಾರ್ಕ್ಟ್ ಚೌಕದಲ್ಲಿರುವ ಗೋಪುರಗಳ ಕಟ್ಟಡ ಮೂಲತಃ 15ನೆಯ ಶತಮಾನದ ಕೋಟೆ ಬಾಗಿಲು. 17ನೆಯ ಶತಮಾನದಲ್ಲಿ ಅದು ನಗರದ ತೂಕದ ಮನೆಯಾಯಿತು. ಮಾರುವವನ ತಕ್ಕಡಿಯನ್ನು ಕೊಳ್ಳುವವನು ನಂಬ, ಕೊಳ್ಳುವವನ ತಕ್ಕಡಿಯನ್ನು ಮಾರುವವನು ನಂಬ. ಆದ್ದರಿಂದ ಇಬ್ಬರಿಗೂ ಸೇರದ ಮೂರನೆಯ ತಕ್ಕಡಿ. ಬೆಳಿಗ್ಗೆ ಕಂಡ ಎ1, ಎ2 ದರ್ಜೆಗಳ ಪೂರ್ವಜ ಇದೇ ತೂಕದ ಮನೆ.

ಡ್ಯಾಮ್ ಚೌಕದಲ್ಲಿ ಇಂದು ಅರಮನೆಯೆಂದು ಕರೆಯಲಾಗುವ ಭವ್ಯ ಕಟ್ಟಡವನ್ನು 1648ರಲ್ಲಿ ಕಟ್ಟಲಾರಂಭಿಸಿದ್ದು ನಗರಸಭೆಗಾಗಿ. ನಗರದ ವಿನಿಮಯ ಬ್ಯಾಂಕು ಅಲ್ಲಿಯೇ ಇತ್ತು. 1609ರಲ್ಲಿ ಸ್ಥಾಪಿತವಾದ ಈ ಬ್ಯಾಂಕಿನ ಉದ್ದೇಶ ಸರಳ. ಆಗ ಪೇಟೆಯಲ್ಲಿ ಹತ್ತಾರು ರಾಜ್ಯಗಳ ನಾಣ್ಯಗಳು ಓಡಾಡುತ್ತಿದ್ದವು. ಹಲವು ಸವೆದವು, ಹಲವು ಅಂಚು ಕತ್ತರಿಸಿದವು. ವರ್ತಕರು ನಾಣ್ಯಗಳನ್ನು ಬ್ಯಾಂಕಿನಲ್ಲಿಟ್ಟರೆ, ಲೋಹದ ನೈಜ ಮೌಲ್ಯದ ಮೊತ್ತ ಅವರ ಖಾತೆಗೆ ಜಮೆಯಾಗುತ್ತಿತ್ತು. 600 ಗಿಲ್ಡರ್ ಹಾಗೂ ಮೇಲ್ಪಟ್ಟ ಹುಂಡಿಗಳನ್ನು ಈ ಬ್ಯಾಂಕಿನ ಮೂಲಕವೇ ಚುಕ್ತಾ ಮಾಡಬೇಕೆಂಬ ನಿಯಮವಿತ್ತು. ಒಂದು ಖಾತೆಯಲ್ಲಿ ಖರ್ಚು, ಇನ್ನೊಂದರಲ್ಲಿ ಜಮಾ ಎಂದು ಬರೆದರೆ ವ್ಯವಹಾರ ಮುಗಿಯಿತು.

ಅಲ್ಲಿಂದ ಸ್ವಲ್ಪ ದೂರದಲ್ಲಿ 1903ರಲ್ಲಿ ತೆರೆದ ಬೆರ್ಲಾಖೆ ವಿನಿಮಯ ಕೇಂದ್ರದ ಕೆಂಪು ಇಟ್ಟಿಗೆಯ ಕಟ್ಟಡವಿದೆ. ವಾಸ್ತುಶಿಲ್ಪಿ ಹೆಂಡ್ರಿಕ್ ಬೆರ್ಲಾಖೆಯ ಹೆಸರೇ ಅದಕ್ಕೆ ಉಳಿದಿದೆ. ಇಂದು ಅಲ್ಲಿ ಸಭೆ, ಪ್ರದರ್ಶನಗಳು ನಡೆಯುತ್ತವೆ. ಆದರೆ ಷೇರು ವ್ಯಾಪಾರದ ಕಥೆ ಅದಕ್ಕಿಂತ 300 ವರ್ಷ ಹಿಂದಿನದು. 1602ರಲ್ಲಿ ಸ್ಥಾಪನೆಯಾದ ಡಚ್ ಈಸ್ಟ್ ಇಂಡಿಯಾ ಕಂಪನಿ ಸಾರ್ವಜನಿಕರಿಂದ ಸುಮಾರು 64 ಲಕ್ಷ ಗಿಲ್ಡರ್ ಬಂಡವಾಳ ಸಂಗ್ರಹಿಸಿತು. ಆಮ್‌ಸ್ಟರ್‌ಡ್ಯಾಮ್ ಶಾಖೆಯೊಂದರಲ್ಲಿಯೇ 1,143 ಜನ ಹಣ ಹೂಡಿದರು. ಅವರಲ್ಲಿ ಮನೆಗೆಲಸದ ಹೆಣ್ಣುಮಗಳೊಬ್ಬಳೂ ಇದ್ದಳು. ನಮ್ಮ ಕರಾವಳಿಯ ಬಸರೂರಿನಲ್ಲಿಯೂ 17ನೆಯ ಶತಮಾನದಲ್ಲಿ ಈ ಕಂಪನಿಯ ಕೋಠಿ ಇತ್ತು. ಇದೇ ಕಂಪನಿ ಜಾಯಿಕಾಯಿಯ ಏಕಸ್ವಾಮ್ಯಕ್ಕಾಗಿ 1621ರಲ್ಲಿ ಬಾಂಡಾ ದ್ವೀಪಗಳ ಜನರನ್ನು ಕೊಂದು ಅಳಿಸಿತೆಂಬುದನ್ನೂ ವಿದ್ಯಾರ್ಥಿಗಳು ಮರೆಯಬಾರದು.

ಕಾಲುವೆಗಳಲ್ಲಿ ದೋಣಿಯಲ್ಲಿ ಸಾಗುವಾಗ ಇಕ್ಕೆಲದ ಹಳೆಯ ಮನೆಗಳ ನೆತ್ತಿಯಲ್ಲಿ ಮುಂದಕ್ಕೆ ಚಾಚಿದ ತೊಲೆ, ಅದರಲ್ಲಿ ಕೊಕ್ಕೆ ಕಾಣಿಸುತ್ತದೆ. ದೋಣಿಯಿಂದ ಮೂಟೆಗಳನ್ನು ಹಗ್ಗದಲ್ಲಿ ಅಟ್ಟಕ್ಕೆ ಎಳೆದುಕೊಳ್ಳಲು ಇದ್ದ ಏರ್ಪಾಡದು. ಅಂಗಡಿಯ ಹಿಂದೆ ಮನೆ, ಮೇಲೆ ದಾಸ್ತಾನು ಇರುವ ನಮ್ಮ ಹಳೆಯ ಪೇಟೆ ಬೀದಿಗಳನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. 17ನೆಯ ಶತಮಾನದ ಈ ಕಾಲುವೆ ವಲಯ 2010ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಕಟ್ಟಡ ಉಳಿಯಿತು, ನಂಬಿಕೆ ಉಳಿಯಲಿಲ್ಲ

ಮಾರ್ಗದರ್ಶಿಗಳು ಈ ಸಂಸ್ಥೆಗಳ ವೈಭವವನ್ನು ಹೇಳುತ್ತಾರೆ. ಅವುಗಳ ಅಂತ್ಯವನ್ನೂ ಕೇಳಿ ತಿಳಿಯುವುದು ವಾಣಿಜ್ಯ ವಿದ್ಯಾರ್ಥಿಯ ಕರ್ತವ್ಯ.

ಈಸ್ಟ್ ಇಂಡಿಯಾ ಕಂಪನಿ ಹತ್ತು ವರ್ಷಗಳ ನಂತರ, ಅಂದರೆ 1612ರಲ್ಲಿ, ಸಮಗ್ರ ಲೆಕ್ಕವನ್ನು ಹೂಡಿಕೆದಾರರ ಮುಂದಿಡಬೇಕೆಂದು ಸನ್ನದಿನಲ್ಲಿತ್ತು. ನಿರ್ದೇಶಕರು ಅದನ್ನು ಮಾಡಲಿಲ್ಲ. 1622ರ ವೇಳೆಗೆ ಅತೃಪ್ತ ಹೂಡಿಕೆದಾರರು ಕರಪತ್ರಗಳ ಮೂಲಕ ಲೆಕ್ಕ ಕೇಳಿದರು. ಜಗತ್ತಿನ ಮೊದಲ ದೊಡ್ಡ ಸಾರ್ವಜನಿಕ ಕಂಪನಿಯ ಜೊತೆಯಲ್ಲಿಯೇ ಲೆಕ್ಕ ಮುಚ್ಚಿಡುವ ರೋಗವೂ ಹುಟ್ಟಿತೆನ್ನಬಹುದು.

ವಿನಿಮಯ ಬ್ಯಾಂಕಿನ ಕಥೆ ಇನ್ನೂ ದಾರುಣ. ಠೇವಣಿಯನ್ನು ಭದ್ರವಾಗಿ ಇಡುವುದೇ ಅದರ ಪ್ರತಿಷ್ಠೆಯ ಮೂಲ. ಆದರೆ ಅದು ಕಂಪನಿಗೆ ಗುಟ್ಟಾಗಿ ಸಾಲ ಕೊಡುತ್ತಿತ್ತು. ಹಡಗುಗಳು ಸರಕು ಹೊತ್ತು ಮರಳುತ್ತಿದ್ದಷ್ಟು ಕಾಲ ಸಾಲ ತೀರುತ್ತಿತ್ತು, ಗುಟ್ಟೂ ಉಳಿಯುತ್ತಿತ್ತು. 1780ರಿಂದ 1784ರವರೆಗೆ ಇಂಗ್ಲೆಂಡಿನೊಂದಿಗೆ ನಡೆದ ಯುದ್ಧದಲ್ಲಿ ಕಂಪನಿ ಕುಸಿಯಿತು, ಸಾಲ ಬೆಳೆಯಿತು. 1790ರ ಹೊತ್ತಿಗೆ ಬ್ಯಾಂಕಿನ ಹಣದ ಮೇಲಿನ ವಿಶ್ವಾಸ ಕರಗಿತು. 1799ರ ಕೊನೆಗೆ ಕಂಪನಿಯ ಸನ್ನದು ಮುಗಿಯಿತು. 1819ರಲ್ಲಿ ಬ್ಯಾಂಕೂ ಮುಚ್ಚಿತು. ಸುಮಾರು 180 ವರ್ಷ ವರ್ತಕರು ಕಣ್ಣು ಮುಚ್ಚಿ ನಂಬಿದ ಸಂಸ್ಥೆಯನ್ನು ಕೆಡವಿದ್ದು ಒಂದೇ ದೊಡ್ಡ ಸಾಲಗಾರನಿಗೆ ಲೆಕ್ಕದ ಹೊರಗೆ ಕೊಟ್ಟ ಸಾಲ.

ಇದು ದೂರದ ಊರಿನ ಹಳೆಯ ಕಥೆಯಷ್ಟೇ ಎನ್ನುವಂತಿಲ್ಲ. ಒಬ್ಬನೇ ದೊಡ್ಡ ಗಿರಾಕಿಗೆ ಮಿತಿ ಮೀರಿ ಉದ್ರಿ ಕೊಟ್ಟು, ಅದನ್ನು ಪಾಲುದಾರರಿಗೂ ಹೇಳದೆ, ಈ ಸಲ ಬಂದುಬಿಡುತ್ತದೆಂದು ಕಾದು ಮುಳುಗಿದ ಅಂಗಡಿಗಳು ಪ್ರತಿ ಪೇಟೆಯಲ್ಲಿಯೂ ಇವೆ.

ಪ್ರವಾಸದ ಖರ್ಚು ಲೆಕ್ಕಪುಸ್ತಕದಲ್ಲಿ

ಪೋಷಕರಾದ ವರ್ತಕರು ಗಮನಿಸಬೇಕಾದ ಕೆಲವು ಅಂಶಗಳು:

1. ಮಗ ಅಥವಾ ಮಗಳ ಪ್ರವಾಸದ ವೆಚ್ಚ ವೈಯಕ್ತಿಕ ವೆಚ್ಚ. ಅದನ್ನು ಮಾಲೀಕರ ಬಂಡವಾಳ ಖಾತೆಗೆ ಖರ್ಚು ಹಾಕಬೇಕು. ಸಂಪೂರ್ಣವಾಗಿ ಹಾಗೂ ವ್ಯವಹಾರಕ್ಕಾಗಿಯೇ ಮಾಡಿದ ವೆಚ್ಚಕ್ಕೆ ಮಾತ್ರ ಆದಾಯ ತೆರಿಗೆಯಲ್ಲಿ ಕಳೆತ ದೊರೆಯುತ್ತದೆ. ಮಕ್ಕಳು ನಿಜವಾಗಿಯೂ ಸಂಸ್ಥೆಯ ನೌಕರರಾಗಿದ್ದು, ಕಲಿಕೆಗೂ ವ್ಯವಹಾರಕ್ಕೂ ನೇರ ಸಂಬಂಧವಿದ್ದು, ಮರಳಿ ಬಂದು ಸೇವೆ ಸಲ್ಲಿಸುವ ಲಿಖಿತ ಒಪ್ಪಂದ ಇದ್ದಲ್ಲಿ ಮಾತ್ರ ವಾದಕ್ಕೆ ಅವಕಾಶವುಂಟು. ಕಾಲೇಜಿನ ಪ್ರವಾಸಕ್ಕೆ ಇದು ಸಾಮಾನ್ಯವಾಗಿ ಹೊಂದದು.

2. ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ 1 ಅಕ್ಟೋಬರ್ 2020ರಿಂದ ಮೂಲದಲ್ಲಿ ತೆರಿಗೆ ಸಂಗ್ರಹ ಜಾರಿಗೆ ಬಂದಿತು. ದರವನ್ನು ಆಯವ್ಯಯಗಳಲ್ಲಿ ಪದೇ ಪದೇ ಬದಲಿಸಲಾಗಿದೆ. ಆದ್ದರಿಂದ ಹಣ ಕಟ್ಟುವ ದಿನದ ದರವನ್ನು ಕೇಳಿ ತಿಳಿಯಬೇಕು. ಇದು ಮುಂಗಡ ತೆರಿಗೆಯಂತಹದು, ನಷ್ಟವಲ್ಲ. ಆದರೆ ಯಾರ ಪ್ಯಾನ್ ಸಂಖ್ಯೆಯಲ್ಲಿ ಜಮೆಯಾಗಿದೆ ಎಂಬುದನ್ನು ನೋಡಿಕೊಂಡು, ರಿಟರ್ನ್ ಸಲ್ಲಿಸುವಾಗ ತಪ್ಪದೆ ಪಡೆದುಕೊಳ್ಳಬೇಕು.

3. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಲ್ಲಿ ಪ್ರತಿ ನಿವಾಸಿ ವ್ಯಕ್ತಿಗೆ ಒಂದು ಹಣಕಾಸು ವರ್ಷದಲ್ಲಿ 2,50,000 ಅಮೆರಿಕನ್ ಡಾಲರ್ ಮಿತಿಯಿದೆ. ಪಾಲುದಾರಿಕೆ ಸಂಸ್ಥೆ, ಕಂಪನಿ, ಹಿಂದೂ ಅವಿಭಕ್ತ ಕುಟುಂಬಗಳಿಗೆ ಈ ಯೋಜನೆ ಅನ್ವಯಿಸದು. ಹಣ ವ್ಯಕ್ತಿಯ ಖಾತೆಯಿಂದಲೇ ಹೋಗಬೇಕು.

4. ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ರಕ್ಷಣೆಯ ವೈದ್ಯಕೀಯ ವಿಮೆ ಕಡ್ಡಾಯ. ಪ್ಯಾಕೇಜಿನಲ್ಲಿ ಅದು ಸೇರಿದೆಯೇ ಎಂದು ಲಿಖಿತವಾಗಿ ತಿಳಿದುಕೊಳ್ಳಬೇಕು.

ಮರಳಿ ಬಂದ ಮೇಲೆ

ಪ್ರವಾಸದ ಬೆಲೆ ತಿಳಿಯುವುದು ಮರಳಿದ ನಂತರದ ವಾರದಲ್ಲಿ. ವಿದ್ಯಾರ್ಥಿ ಮನೆಯ ಅಂಗಡಿಯಲ್ಲಿಯೋ ಕಾರ್ಖಾನೆಯಲ್ಲಿಯೋ ಒಂದು ದಿನ ಕುಳಿತು ನಾಲ್ಕು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರಿಸಲಿ. ನಮ್ಮ ಸರಕಿನ ದರ್ಜೆಯನ್ನು, ಅದನ್ನು ನೋಡದ ಗ್ರಾಹಕನೂ ನಂಬುವಂತೆ ನಾವು ಬರೆದು ಕೊಡುತ್ತಿದ್ದೇವೆಯೇ? ಪ್ರತಿ ಸರಕಿಗೂ ನಾವು ಇಳಿಯಬಹುದಾದ ಕನಿಷ್ಠ ಬೆಲೆ ನಮಗೆ ತಿಳಿದಿದೆಯೇ? ಮಾರಿದ ಹಣ ಕೈ ಸೇರಲು ಸರಾಸರಿ ಎಷ್ಟು ದಿನ ಹಿಡಿಯುತ್ತದೆ? ಒಟ್ಟು ಬಾಕಿಯಲ್ಲಿ ಒಬ್ಬನೇ ಗಿರಾಕಿಯ ಪಾಲು ಎಷ್ಟು?

ಇವುಗಳಿಗೆ ಉತ್ತರ ಬರೆಯಲು ಹೊರಟ ವಿದ್ಯಾರ್ಥಿಗೆ ಉದ್ರಿ ಖಾತೆಯ ಪುಸ್ತಕವನ್ನು ತೆರೆದು ತೋರಿಸಬೇಕಾದವರು ಹಿರಿಯರು. ಎಷ್ಟೋ ಮನೆಗಳಲ್ಲಿ ಮಕ್ಕಳು ಆಮ್‌ಸ್ಟರ್‌ಡ್ಯಾಮಿನ ಬ್ಯಾಂಕಿನ ಕಥೆ ತಿಳಿಯುತ್ತಾರೆ, ತಮ್ಮ ತಂದೆಯ ಅಂಗಡಿಯ ಬಾಕಿ ಎಷ್ಟೆಂದು ತಿಳಿಯರು. ಆ ಪುಸ್ತಕವನ್ನು ತೋರಿಸಲು ಹಿಂಜರಿಯುವ ಪೋಷಕರು ಪ್ರವಾಸಕ್ಕೆ ಎಷ್ಟು ಖರ್ಚು ಮಾಡಿದರೂ ಅದು ವಿಹಾರದ ಖರ್ಚೇ ಆಗುತ್ತದೆ. ತೋರಿಸುವವರ ಪಾಲಿಗೆ ಮಾತ್ರ ಅದು ಬಂಡವಾಳ.